ನೋವಿನ ಸಾಕ್ಷಿ

ಜ್ವರ ಬಂದವನ ಹಣೆಯನ್ನು ಮುಟ್ಟಿದರೆ ಕಾವು ತಿಳಿಯುವುದು. ಗಾಯಗೊಂಡವನ ರಕ್ತ ಕಣ್ಣಿಗೆ ಕಾಣುವುದು. ಕೆಮ್ಮುವವನ ಕೆಮ್ಮು ನೆರೆಮನೆಗೂ ಕೇಳುವುದು. ನೋವೊಂದು ಮಾತ್ರ ಹಾಗಲ್ಲ. ಅದು ಯಾರ ಮೈಯಲ್ಲಿ ಹುಟ್ಟಿತೋ ಅವರೊಬ್ಬರಿಗೆ ಗೋಚರವಾಗಿ, ಉಳಿದವರೆಲ್ಲರಿಗೂ ಅಗೋಚರವಾಗಿರುವುದು. ತಾಯಿಯ ನೋವು ಮಗನಿಗೆ ಕಾಣದು. ಹೆಂಡತಿಯ ನೋವು ಒಂದೇ ಸೂರಿನ ಕೆಳಗೆ ಮೂವತ್ತು ವರ್ಷ ಬಾಳಿದ ಗಂಡನಿಗೆ ಕಾಣದು. ಕಾಣುವುದೇನಿದ್ದರೂ ಮುಖದ ಗಂಟು, ನಡೆಯ ಕುಂಟು, ನರಳುವ ದನಿ. ಇವು ನೋವಿನ ಗುರುತುಗಳೇ ಹೊರತು ನೋವಲ್ಲ. ಗುರುತು ತೋರದೆಯೂ ನೋವಿರಬಹುದು. ನೋವಿಲ್ಲದೆಯೂ ಗುರುತನ್ನು ತೋರಿಸಬಹುದು. ಇದರಿಂದ ಹುಟ್ಟುವ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ಧರ್ಮಕ್ಕೂ ಅಷ್ಟೇ ಸೇರಿದ್ದು. ತನಗೆ ಕಾಣದ ನೋವನ್ನು ಮನುಷ್ಯನು ಎಷ್ಟರ ಮಟ್ಟಿಗೆ ನಂಬಬೇಕು? ನಂಬಿದ ಮೇಲೆ ಅವನ ಕರ್ತವ್ಯವೇನು?

ನಮ್ಮ ದೇಶದ ತಾರ್ಕಿಕರು ಜ್ಞಾನಕ್ಕೆ ಪ್ರಮಾಣಗಳನ್ನು ಎಣಿಸಿದರು. ನೈಯಾಯಿಕರ ಮತದಲ್ಲಿ ಅವು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಸುಖದುಃಖಗಳು ಮನಸ್ಸಿಗೆ ಪ್ರತ್ಯಕ್ಷವಾಗುವುವೆಂದು ಅವರು ಒಪ್ಪಿದರು. ಆದರೆ ಆ ಪ್ರತ್ಯಕ್ಷವು ಅನುಭವಿಸುವವನ ಸೊತ್ತು. ಎರಡನೆಯವನಿಗೆ ಉಳಿದಿರುವ ದಾರಿ ಎರಡು: ಗುರುತುಗಳಿಂದ ಊಹಿಸುವ ಅನುಮಾನ, ನೊಂದವನ ಬಾಯಿಂದ ಕೇಳುವ ಶಬ್ದ. ಇವುಗಳಲ್ಲಿ ಅನುಮಾನವು ಬಹಳ ಸಲ ತಪ್ಪುವುದು. ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯನು ಇಟಲಿಯ ರಣರಂಗದಲ್ಲಿ ಕೆಲಸಮಾಡುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡನು. ಭಾರಿ ಗಾಯಗಳಾಗಿದ್ದ ಸೈನಿಕರನ್ನು ನೋವಿಗೆ ಔಷಧ ಬೇಕೇ ಎಂದು ಕೇಳಿದಾಗ ಸುಮಾರು ಮುಕ್ಕಾಲು ಪಾಲು ಜನ ಬೇಡವೆಂದರು. ಈ ಸಂಗತಿಯನ್ನು ಆತನು 1946 ರಲ್ಲಿ ಪ್ರಕಟಿಸಿದನು. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರವಾದ ಲೆಕ್ಕವಿಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು. ದೊಡ್ಡ ಗಾಯದಲ್ಲಿ ಕಡಮೆ ನೋವಿರಬಹುದಾದರೆ, ಗಾಯವೇ ಕಾಣದ ಕಡೆ ದೊಡ್ಡ ನೋವೂ ಇರಬಹುದು. ಆದುದರಿಂದ ನೋವಿನ ವಿಷಯದಲ್ಲಿ ಮುಖ್ಯ ಪ್ರಮಾಣವು ಶಬ್ದವೇ. ಮುಖ್ಯ ಸಾಕ್ಷಿಯು ನೊಂದವನೇ.

ಅಲ್ಪಕಾಲದ ನೋವಿನಲ್ಲಿ ಈ ಸಾಕ್ಷಿಗೆ ಹೆಚ್ಚು ಕಷ್ಟವಿಲ್ಲ. ಊರನ್ನು ಕಾಯುವ ತಳವಾರನು ಕಳ್ಳನನ್ನು ಕಂಡು ಕೂಗುವಂತೆ, ಮುಳ್ಳು ಚುಚ್ಚಿದಾಗ, ಮೂಳೆ ಮುರಿದಾಗ, ಹಲ್ಲು ಹುಳುಕಾದಾಗ ನೋವು ಕೂಗಿ ಎಚ್ಚರಿಸುವುದು. ಜನರು ಓಡಿ ಬರುವರು. ಕಳ್ಳನು ಸಿಕ್ಕಿದ ಮೇಲೆ ಕೂಗು ನಿಲ್ಲುವುದು. ದೀರ್ಘಕಾಲದ ನೋವಾದರೋ ಕಳ್ಳನು ಹೋಗಿ ತಿಂಗಳುಗಳು ಕಳೆದರೂ ಕೂಗುತ್ತಲೇ ಇದ್ದು, ಊರಿನ ನಿದ್ದೆಯನ್ನು ಕೆಡಿಸುವ ತಳವಾರನಂಥದು. ಮೊದಲನೆಯ ರಾತ್ರಿ ಎದ್ದು ಬಂದ ಜನರೇ ಮೂವತ್ತನೆಯ ರಾತ್ರಿ ಮಗ್ಗುಲು ಬದಲಾಯಿಸಿ ಮಲಗುವರು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯು 2022 ರಲ್ಲಿ ಜಾರಿಗೆ ಬಂದಿತು. ಮೂರು ತಿಂಗಳನ್ನು ಮೀರಿ ನಿಂತ ಅಥವಾ ಮರಳಿ ಮರಳಿ ಬರುವ ನೋವಿಗೆ ಅದರಲ್ಲಿ ತನ್ನದೇ ಆದ ಸ್ಥಾನ ದೊರೆಯಿತು. ಅಂದರೆ ಅಂಥ ನೋವನ್ನು ಬೇರೊಂದು ರೋಗದ ನೆರಳೆಂದು ಮಾತ್ರವಲ್ಲದೆ, ಕೆಲವು ಸಂದರ್ಭಗಳಲ್ಲಿ ತಾನೇ ಒಂದು ರೋಗವೆಂದು ಎಣಿಸಬೇಕೆಂದು ಶಾಸ್ತ್ರವು ಒಪ್ಪಿಕೊಂಡಿತು. ನರಗಳು ತರುವ ಸುದ್ದಿಯು ಬೆನ್ನುಹುರಿಯಲ್ಲಿಯೇ ಹೆಚ್ಚುಕಡಮೆಯಾಗುವುದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು 1965 ರಲ್ಲಿ ಪ್ರತಿಪಾದಿಸಿದ್ದರು. ಮುಂದಿನ ಸಂಶೋಧನೆಗಳು ಆ ಮತದ ವಿವರಗಳನ್ನು ತಿದ್ದಿದುವಾದರೂ, ನೋವು ಗಾಯದಿಂದ ಮಿದುಳಿಗೆ ನೇರವಾಗಿ ಎಳೆದ ಗಂಟೆಯ ಹಗ್ಗವಲ್ಲವೆಂಬ ಅದರ ತಿರುಳು ಉಳಿದುಬಂದಿದೆ. ಅಂಜಿಕೆ, ನಿದ್ರಾಭಂಗ, ಒಂಟಿತನಗಳು ನೋವನ್ನು ಹೆಚ್ಚಿಸುವುವು; ಧೈರ್ಯವೂ ಜೊತೆಯೂ ಅದನ್ನು ತಗ್ಗಿಸುವುವು.

ಕೋಲಾರದ ಸೀಮೆಯಲ್ಲಿ ಈ ವಿಚಾರವು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬುಟ್ಟಿ ಹೊರುವವರು, ಮಾಲೂರಿನ ಇಟ್ಟಿಗೆಗೂಡು ಹೆಂಚಿನ ಕಾರ್ಖಾನೆಗಳಲ್ಲಿ ಬಾಗಿ ಎದ್ದು ದುಡಿಯುವವರು, ಕೋಲಾರದ ಸುತ್ತಿನ ಟೊಮೇಟೊ ಹೊಲಗಳಲ್ಲಿ ಕುಕ್ಕುರುಗಾಲಿನಲ್ಲಿ ಕಳೆ ತೆಗೆಯುವ ಹೆಂಗಸರು, ಮುಳಬಾಗಿಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ತಲೆಯ ಮೇಲಿಟ್ಟು ನಡೆಯುವವರು, ಇವರೆಲ್ಲರೂ ಸಂಜೆ ಮನೆಗೆ ತರುವ ಸಾಮಾನ್ಯವಾದ ಸಂಪಾದನೆ ಸೊಂಟದ ನೋವು, ಮಂಡಿಯ ನೋವು. ಇಷ್ಟೇ ಆಗಿದ್ದರೆ ಇದು ಎಲ್ಲ ದುಡಿಯುವ ಜನರ ಕಥೆಯಾಗುತ್ತಿತ್ತು. ಆದರೆ ಈ ಜಿಲ್ಲೆಗೆ ಇನ್ನೊಂದು ಸಂಕಟವೂ ಸೇರಿಬಂದಿದೆ. ಪಾಲಾರ್ ಈ ನೆಲದಲ್ಲಿ ಹರಿದರೂ ವರ್ಷವೆಲ್ಲ ನೀರು ಕೊಡುವ ಹೊಳೆಯಲ್ಲ. ಹಿರಿಯರು ಸಾವಿರಾರು ಕೆರೆಗಳನ್ನು ಕಟ್ಟಿ ಬದುಕಿದರು. ಕೆರೆಗಳು ಹೂಳು ತುಂಬಿ ಬತ್ತಿದಾಗ, ತೆರೆದ ಬಾವಿಗಳು ಒಣಗಿದಾಗ, ಜನರು ಕೊಳವೆ ಬಾವಿಗಳನ್ನು ನೂರಾರು ಅಡಿ ಆಳಕ್ಕೆ, ಮುಂದೆ ಸಾವಿರ ಅಡಿಗೂ ಆಚೆಗೆ ಇಳಿಸಿದರು. ಅಡಿಯ ಕಲ್ಲುಗಳಲ್ಲಿರುವ ಫ್ಲೋರೈಡ್ ಎಂಬ ಲವಣವು ಆ ನೀರಿನೊಡನೆ ಮೇಲೆ ಬಂದಿತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕೆಂದೂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತದ ಮಾನಕವು ವಿಧಿಸುತ್ತದೆ. ಜಿಲ್ಲೆಯ ಅನೇಕ ಹಳ್ಳಿಗಳ ನೀರು ಈ ಮಿತಿಯನ್ನು ಮೀರಿದೆ.

ವರ್ಷಗಟ್ಟಲೆ ಅಂಥ ನೀರನ್ನು ಕುಡಿದವರ ಮೂಳೆಗಳಲ್ಲಿ ಫ್ಲೋರೈಡ್ ನೆಲಸುವುದು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುವುವು. ದೊಡ್ಡವರಲ್ಲಿ ಮೂಳೆ ದಪ್ಪಗಾಗಿ, ಕೀಲುಗಳ ಸುತ್ತಣ ನಾರುಗಳು ಸುಣ್ಣಗಟ್ಟಿ, ಬೆನ್ನು ಬಿಗಿದುಕೊಂಡು, ಕೊನೆಗೆ ನೆಟ್ಟಗೆ ನಿಲ್ಲುವುದೂ ಕಷ್ಟವಾಗುವುದು. ದಕ್ಷಿಣ ಭಾರತದಲ್ಲಿ ಈ ವ್ಯಾಧಿಯನ್ನು ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು 1937 ರಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಿಂದ ವರದಿಮಾಡಿದರು. ಇದರಲ್ಲಿ ಪ್ರಸ್ತುತ ಪ್ರಶ್ನೆಗೆ ಬೇಕಾದ ಒಂದು ಅಂಶವಿದೆ. ಈ ವ್ಯಾಧಿಯ ಮೊದಲ ದಿನಗಳಲ್ಲಿ ಕೀಲುಗಳು ನೋಯುವುವು, ಬೆನ್ನು ಬಿಗಿಯುವುದು; ಆದರೆ ಎಕ್ಸ್-ರೇ ಚಿತ್ರದಲ್ಲಿ ಆಗ ಏನೂ ತೋರದಿರಬಹುದು. ಚಿತ್ರವು ನುಡಿಯುವುದಕ್ಕೆ ಎಷ್ಟೋ ಮುಂಚೆ ಮೈಯುಳ್ಳವನು ನುಡಿದಿರುತ್ತಾನೆ. ಆ ಹೊತ್ತಿನಲ್ಲಿ ಚಿತ್ರವನ್ನು ನಂಬಿ ಮನುಷ್ಯನನ್ನು ನಂಬದ ವೈದ್ಯನು ತಪ್ಪುವನು. ತಳವಾರನ ದೃಷ್ಟಾಂತಕ್ಕೆ ಇಲ್ಲಿ ಒಂದು ತಿದ್ದುಪಡಿಯೂ ಬೇಕು: ಕೂಗು ನಿಲ್ಲದಿರುವುದಕ್ಕೆ ಕೆಲವೆಡೆ ಕಾರಣವೇನೆಂದರೆ, ಕಳ್ಳನು ಊರು ಬಿಟ್ಟೇ ಇಲ್ಲ, ದಿನವೂ ಕೊಡದೊಳಗೆ ಕುಳಿತು ಮನೆಯೊಳಕ್ಕೆ ಬರುತ್ತಿದ್ದಾನೆ.

ಲೋಕದ ರೂಢಿಯು ಈ ವಿಷಯದಲ್ಲಿ ಹೇಗಿದೆಯೆಂಬುದನ್ನು ಈಗ ನೋಡಬೇಕು. ಮಧ್ಯಮ ತರಗತಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯಳು ಬೆಳಗ್ಗೆ ಏಳುವಾಗ ಮಂಡಿಯನ್ನು ಹಿಡಿದುಕೊಂಡು, "ಇವತ್ತು ಕಾಲೂರಕ್ಕೆ ಆಗ್ತಿಲ್ಲಪ್ಪ" ಎನ್ನುವಳು. ಮಗನು ಪತ್ರಿಕೆಯಿಂದ ತಲೆಯೆತ್ತದೆ, "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಮ್ಮ" ಎನ್ನುವನು. ಸೊಸೆಯು ಸೊಂಟನೋವೆಂದರೆ ಅದು ಕೆಲಸಕ್ಕೆ ಹೇಳುವ ನೆಪವೆಂದು ಅತ್ತೆಯೇ ಭಾವಿಸುವಳು. ಕೂಲಿಯವಳು ಬೆನ್ನುನೋವೆಂದರೆ ಅದು ಮೈಗಳ್ಳತನವೆಂದು ತೋಟದ ಯಜಮಾನನು ತೀರ್ಮಾನಿಸುವನು. ಇವರಲ್ಲಿ ಯಾರೂ ಕ್ರೂರಿಗಳಲ್ಲ. ಪರರ ನೋವನ್ನು ನಂಬಿದರೆ ಏನಾದರೂ ಮಾಡಬೇಕಾಗುವುದು. ಮಾಡಲು ತೋಚದಿದ್ದಾಗ ನಂಬದಿರುವುದೇ ಸುಲಭವಾಗುವುದು. ಅಪನಂಬಿಕೆಯ ಮೂಲ ಅನೇಕ ವೇಳೆ ನಿಸ್ಸಹಾಯತೆಯೇ.

ಇದೇ ಮನೆಯಲ್ಲಿ ಔಷಧದ ಮಾತು ಬಂದಾಗ ನಡೆಯುವುದೇ ಬೇರೆ. ಯಾರೋ ಬಂಧುಗಳು ಒಂದು ಎಣ್ಣೆಯ ಹೆಸರನ್ನು ಹೇಳುವರು. ಮತ್ತೊಬ್ಬರು ಒಂದು ಪುಡಿಯ ಪೊಟ್ಟಣವನ್ನು ತರುವರು. ಮೂರನೆಯವರು ಒಂದೇ ಇಂಜೆಕ್ಷನ್ನಿಗೆ ಎದ್ದು ಓಡಾಡಿದವರ ಕಥೆಯನ್ನು ಹೇಳುವರು. ಕೇಳಿದವರು ಯಾವ ಪ್ರಶ್ನೆಯನ್ನೂ ಮಾಡದೆ ಹಣ ಕೊಡುವರು. ಕೀಲುನೋವಿಗೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಗುಟ್ಟಾಗಿ ಸ್ಟೆರಾಯ್ಡ್ ಬೆರೆತಿರುವುದು ಎಷ್ಟೋ ಸಲ ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಅದು ಮೊದಲು ಸುಖ ಕೊಟ್ಟು, ಕಾಲಕ್ರಮದಲ್ಲಿ ಮೂಳೆಯನ್ನು ಸವೆಸಿ, ರಕ್ತದ ಸಕ್ಕರೆಯನ್ನು ಏರಿಸುವುದು. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡಗಳನ್ನು ಕೆಡಿಸಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ಇಂಥ ಕಡೆ ಸಲ್ಲುವುದು. ಹೀಗೆ ಲೋಕವು ನೊಂದವನ ಮಾತನ್ನು ಪರೀಕ್ಷೆಗೆ ಒಡ್ಡುವುದು, ಮದ್ದು ಮಾರುವವನ ಮಾತನ್ನು ಪರೀಕ್ಷೆಯಿಲ್ಲದೆ ಅಂಗೀಕರಿಸುವುದು. ಧರ್ಮವು ಇದಕ್ಕೆ ತೀರ ವಿಪರ್ಯಾಸವಾಗಿದೆ: ನೋವಿನ ಮಾತನ್ನು ನಂಬಬೇಕು, ಮದ್ದಿನ ಮಾತನ್ನು ಪರೀಕ್ಷಿಸಬೇಕು.

ಇದರ ಮೊದಲನೆಯ ಅರ್ಧಕ್ಕೆ ಒಂದು ಆಕ್ಷೇಪವುಂಟು. ನೋವೆಂದವರನ್ನೆಲ್ಲ ನಂಬಿದರೆ ಕಳ್ಳನೋವಿನವರಿಗೆ ಹಬ್ಬವಾಗದೆ? ರಜೆಗಾಗಿ, ಪರಿಹಾರದ ಹಣಕ್ಕಾಗಿ, ಅಮಲಿನ ಔಷಧಕ್ಕಾಗಿ ಸುಳ್ಳು ಹೇಳುವವರಿಲ್ಲವೆ? ಇದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎರಡು ತಪ್ಪುಗಳನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ಸುಳ್ಳುಗಾರನೊಬ್ಬನನ್ನು ನಂಬಿದರೆ ಸ್ವಲ್ಪ ಹೊತ್ತು, ಸ್ವಲ್ಪ ಹಣ ನಷ್ಟವಾಗುವುದು. ಅವನ ಸುಳ್ಳು ಮುಂದಿನ ಪರೀಕ್ಷೆಗಳಲ್ಲಿ ಹೊರಬೀಳುವ ಸಂಭವವೂ ಇದೆ. ನಿಜವಾಗಿ ನೊಂದವನೊಬ್ಬನನ್ನು ನಂಬದಿದ್ದರೆ ಅವನಿಗೆ ನೋವಿನ ಮೇಲೆ ಅವಮಾನವೂ ಸೇರುವುದು. ಅವನು ಹೇಳುವುದನ್ನೇ ಬಿಡುವನು, ರೋಗವು ಒಳಗೆ ಬೆಳೆಯುವುದು. ಇದಲ್ಲದೆ, ನಂಬುವುದೆಂದರೆ ಕೇಳಿದ್ದನ್ನೆಲ್ಲ ಕೊಡುವುದೆಂದಲ್ಲ. ನೋವಿದೆಯೆಂಬ ಮಾತನ್ನು ಒಪ್ಪಿ, ಅದರ ಕಾರಣವನ್ನೂ ಅದಕ್ಕೆ ತಕ್ಕ ಉಪಾಯವನ್ನೂ ವಿಚಾರಿಸುವ ಸ್ವಾತಂತ್ರ್ಯವನ್ನು ವೈದ್ಯನು ಉಳಿಸಿಕೊಂಡೇ ಇರುತ್ತಾನೆ. ಅಮೆರಿಕದ ಮಾರ್ಗೊ ಮೆಕ್ಯಾಫ್ರಿ ಎಂಬ ಶುಶ್ರೂಷಕಿಯು 1968 ರಲ್ಲಿ, ಅನುಭವಿಸುವವನು ಯಾವುದನ್ನು ನೋವೆನ್ನುವನೋ ಅದೇ ನೋವೆಂಬ ಅಭಿಪ್ರಾಯವನ್ನು ಮುಂದಿಟ್ಟಳು. ಹಾಸಿಗೆಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತವರಿಂದ ಈ ಮಾತು ಬಂದುದು ಸಹಜವೇ. ನೋವಿನ ಅಧ್ಯಯನಕ್ಕೆ ಮೀಸಲಾದ ಅಂತರರಾಷ್ಟ್ರೀಯ ಸಂಘವು 1979 ರಲ್ಲಿ ಕೊಟ್ಟಿದ್ದ ನೋವಿನ ಲಕ್ಷಣವನ್ನು 2020 ರಲ್ಲಿ ತಿದ್ದಿದಾಗ, ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಸೇರಿಸಿತು.

ಸಂಶೋಧಕರು ಸಹ ಈ ನಂಬಿಕೆಯ ಮೇಲೆಯೇ ಕೆಲಸ ಮಾಡುವರು. ನೋವನ್ನು ಅಳೆಯುವ ಥರ್ಮಾಮೀಟರ್ ಎಲ್ಲಿಯೂ ಇಲ್ಲ. ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ಊಹಿಸಬಹುದಾದ ಅತಿ ದೊಡ್ಡ ನೋವು. ಈಗ ಎಷ್ಟು ಎಂದು ರೋಗಿಯನ್ನೇ ಕೇಳಿ ಬರೆದುಕೊಳ್ಳುವರು. ಅಂಕಿಗಳ ಈ ಏಣಿ ಅಭ್ಯಾಸವಿಲ್ಲದ ಅಜ್ಜಿಗೆ, ರೂಪಾಯಿಗೆ ಎಷ್ಟಾಣೆ ಇಳಿದಿದೆಯೆಂದು ಕೇಳಿದರೆ, "ಎಂಟಾಣೆ ಕಡಮೆಯಾಗಿದೆ" ಎಂದು ಥಟ್ಟನೆ ಹೇಳುವಳು. ಎಷ್ಟು ಎಂಬುದರ ಜೊತೆಗೆ ಎಂಥದು ಎಂಬುದನ್ನೂ ಕೇಳಬೇಕೆಂದು ಮೆಲ್ಜಾಕನು 1975 ರಲ್ಲಿ ನೋವಿನ ಮಾತುಗಳದೇ ಒಂದು ಪಟ್ಟಿಯನ್ನು ಸಿದ್ಧಪಡಿಸಿದನು. ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ಉರಿ, ಸೆಳೆತ, ಚಳುಕು, ಜೋಮು, ಸಿಡಿತ, ತಿವಿತ, ಇರುವೆ ಹರಿದಂತೆ, ಮುಳ್ಳಾಡಿಸಿದಂತೆ, ಹಿಂಡಿದಂತೆ ಎಂದು ಜನರು ಆಡುವ ಮಾತುಗಳಲ್ಲಿ ರೋಗನಿದಾನದ ಸುಳಿವುಗಳಿವೆ. ಉರಿ, ಜೋಮು, ಇರುವೆ ಹರಿದಂತೆ ಎಂಬ ಮಾತುಗಳು ನರಕ್ಕೆ ತಗಲಿದ ನೋವನ್ನು ಸೂಚಿಸುವುವು; ನರದ ನೋವಿಗೂ ಕೀಲಿನ ನೋವಿಗೂ ಮದ್ದು ಬೇರೆ ಬೇರೆ. ರೋಗಿಯ ಮಾತನ್ನು ಅರ್ಧದಲ್ಲಿ ತಡೆಯುವ ವೈದ್ಯನು ಸೌಜನ್ಯವನ್ನಷ್ಟೇ ಅಲ್ಲದೆ ಸಾಕ್ಷ್ಯವನ್ನೂ ಕಳೆದುಕೊಳ್ಳುವನು.

ಇನ್ನು ಎರಡನೆಯ ಅರ್ಧ. ನೋವಿನ ಮಾತನ್ನು ನಂಬಿದ ಮೇಲೆ, ಅದೇ ಮನುಷ್ಯನು "ಈ ಮದ್ದಿನಿಂದ ಗುಣವಾಯಿತು" ಎಂದರೆ ಅದನ್ನೇಕೆ ನಂಬಬಾರದು? ಉತ್ತರವಿಷ್ಟೆ: ನೋವಿಗೆ ಅವನು ಸಾಕ್ಷಿ; ಕಾರಣಕ್ಕೆ ಅವನು ಸಾಕ್ಷಿಯಲ್ಲ. ನೋವು ಇಳಿದುದು ಅವನಿಗೆ ಪ್ರತ್ಯಕ್ಷ. ಮದ್ದಿನಿಂದ ಇಳಿಯಿತೆಂಬುದು ಅವನ ಅನುಮಾನ. ದೀರ್ಘಕಾಲದ ನೋವು ಏರಿಳಿಯುವ ಸ್ವಭಾವದ್ದು. ಅದು ಅತಿಯಾಗಿ ಏರಿದಾಗಲೇ ಜನರು ಹೊಸ ಮದ್ದನ್ನು ಹುಡುಕುವರು. ಏರಿದ್ದು ತಾನಾಗಿಯೇ ಸ್ವಲ್ಪ ಇಳಿದಾಗ ಕೀರ್ತಿ ಮದ್ದಿಗೆ ಹೋಗುವುದು. ಇದಲ್ಲದೆ ನಂಬಿಕೆಗೇ ಒಂದು ಶಕ್ತಿಯುಂಟು. ಪ್ಲಸೀಬೊ ಎಂದು ವೈದ್ಯರು ಕರೆಯುವ, ಮದ್ದಿನ ಅಂಶವೇ ಇಲ್ಲದ ಬರಿಗುಳಿಗೆಯನ್ನು ಔಷಧವೆಂದು ಭಾವಿಸಿ ನುಂಗಿದಾಗಲೂ ಹಲವರ ನೋವು ತಗ್ಗುವುದು. ಅದು ಕೇವಲ ಭ್ರಮೆಯಲ್ಲ. ಹಲ್ಲು ಕಿತ್ತ ರೋಗಿಗಳಲ್ಲಿ 1978 ರಲ್ಲಿ ನಡೆದ ಒಂದು ಪರೀಕ್ಷೆಯು, ಅಫೀಮಿನ ಗುಣವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧವು ಬರಿಗುಳಿಗೆಯಂಥ ಉಪಚಾರದ ಸುಖವನ್ನೂ ತಡೆಯುವುದೆಂದು ಸೂಚಿಸಿತು. ಅಂದರೆ ನಂಬಿದ ಮೈಯು ತನ್ನ ನೋವಿಗೆ ಬೇಕಾದ ಮದ್ದನ್ನು ಸ್ವಲ್ಪಮಟ್ಟಿಗೆ ತಾನೇ ತಯಾರಿಸಿಕೊಳ್ಳುವುದು. ಆದಕಾರಣ ಒಂದು ಮದ್ದಿನ ನಿಜವಾದ ಬೆಲೆಯನ್ನು ತಿಳಿಯಬೇಕಾದರೆ ನಂಬಿಕೆಯ ಪಾಲನ್ನೂ ಕಾಲದ ಪಾಲನ್ನೂ ಕಳೆದು ನೋಡಬೇಕು.

ಇದಕ್ಕಾಗಿ ಏರ್ಪಟ್ಟ ಕ್ರಮವೇ ಚಿಕಿತ್ಸಾಪರೀಕ್ಷೆ. ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಮಾಡಿ, ಒಂದಕ್ಕೆ ಪರೀಕ್ಷಿಸಬೇಕಾದ ಮದ್ದನ್ನೂ ಇನ್ನೊಂದಕ್ಕೆ ಬರಿಗುಳಿಗೆಯನ್ನೋ ಹಿಂದಿನಿಂದ ತಿಳಿದಿರುವ ಮದ್ದನ್ನೋ ಕೊಡುವರು. ಯಾರಿಗೆ ಯಾವುದು ದೊರೆಯಿತೆಂಬುದು ಸಾಧ್ಯವಾದಷ್ಟು ಮಟ್ಟಿಗೆ ರೋಗಿಗೂ ತಿಳಿಯದು, ನೋವನ್ನು ಬರೆದುಕೊಳ್ಳುವ ವೈದ್ಯನಿಗೂ ತಿಳಿಯದು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮಂಡಿಯ ಸವೆತಕ್ಕೆ ದುರ್ಬೀನಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯನ್ನು ಹೀಗೆ ಪರೀಕ್ಷಿಸಿದರು. ಫಲವು 2002 ರಲ್ಲಿ ಪ್ರಕಟವಾಯಿತು. ಅರ್ಹರಾಗಿದ್ದ 324 ಮಂದಿಯಲ್ಲಿ 144 ಮಂದಿ ಒಪ್ಪಲಿಲ್ಲ. 180 ಮಂದಿ ಒಪ್ಪಿದರು. ಕೆಲವರಿಗೆ ನಿಜವಾದ ಚಿಕಿತ್ಸೆ ನಡೆಯಿತು. ಕೆಲವರಿಗೆ ಚರ್ಮದ ಮೇಲೆ ಗೀರು ಮಾತ್ರ. ಎರಡು ವರ್ಷ ನೋಡಿದರೂ ನಿಜವಾದ ಚಿಕಿತ್ಸೆ ಪಡೆದವರ ನೋವು ಗೀರು ಮಾತ್ರ ಪಡೆದವರ ನೋವಿಗಿಂತ ಹೆಚ್ಚು ಇಳಿಯಲಿಲ್ಲ. ಅಲ್ಲಿಯವರೆಗೆ ಆ ಶಸ್ತ್ರಚಿಕಿತ್ಸೆಯನ್ನು ಮಾಡಿದ ವೈದ್ಯರು ಪ್ರಾಮಾಣಿಕರು. ಸುಖವಾಯಿತೆಂದ ರೋಗಿಗಳೂ ಪ್ರಾಮಾಣಿಕರು. ಪ್ರಾಮಾಣಿಕರೆಲ್ಲರೂ ಸೇರಿ ತಪ್ಪಬಹುದೆಂಬುದೇ ಇಲ್ಲಿಯ ಪಾಠ.

ನೊಂದವನಿಗೆ ಬರಿಗುಳಿಗೆ ಕೊಡುವುದು, ಬರಿಯ ಗೀರು ಎಳೆಯುವುದು ವಂಚನೆಯಲ್ಲವೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯಿದು. ರೋಗಿಗೆ ತಿಳಿಸದೆ ಮಾಡಿದರೆ ಅದು ವಂಚನೆಯೇ ಸರಿ. 1964 ರ ಹೆಲ್ಸಿಂಕಿ ಘೋಷಣೆಯೂ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನಿಯಮಗಳೂ ಅದನ್ನು ನಿಷೇಧಿಸಿವೆ. ತನಗೆ ಬರಿಗುಳಿಗೆ ಸಿಕ್ಕಬಹುದೆಂಬುದನ್ನು ರೋಗಿಯು ತನ್ನ ಭಾಷೆಯಲ್ಲಿ ಕೇಳಿ ತಿಳಿದು ಒಪ್ಪಿರಬೇಕು. ಓದುಬರಹ ಬಾರದವನಾದರೆ ಪಕ್ಷಪಾತವಿಲ್ಲದ ಒಬ್ಬ ಸಾಕ್ಷಿಯ ಎದುರಿನಲ್ಲಿ ಒಪ್ಪಿಗೆ ನಡೆಯಬೇಕು. ಬೇಡವೆಂದರೆ ಅವನಿಗೆ ಸಲ್ಲುವ ಚಿಕಿತ್ಸೆಯಲ್ಲಿ ಕೊರತೆಯಾಗಬಾರದು. ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ಬರೆದಿಡುವ ಸಾರ್ವಜನಿಕ ದಾಖಲೆಯು 2007 ರಲ್ಲಿ ತೆರೆಯಿತು. ಔಷಧ ಪರೀಕ್ಷೆಗಳ ನೋಂದಣಿಯು 2009 ರಿಂದ ಕಡ್ಡಾಯವಾಯಿತು. ಕೋಲಾರದ ಟಮಕದಲ್ಲಿ 1986 ರಲ್ಲಿ ಆರಂಭವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಿಗೂ ಈ ಕಟ್ಟುಪಾಡುಗಳು ಅನ್ವಯಿಸುವುವು. ಸುತ್ತಿನ ತಾಲ್ಲೂಕುಗಳ ರೈತಾಪಿ ಜನರು ಅಂಥ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ಮುನ್ನ ಪ್ರಶ್ನೆ ಕೇಳುವ ಹಕ್ಕು ತಮಗುಂಟೆಂದು ತಿಳಿದಿರಬೇಕು; ಓದಿದ ಮನೆಗಳವರು ಅವರಿಗೆ ಅದನ್ನು ತಿಳಿಸಿಕೊಡಬೇಕು. ಆಕ್ಷೇಪಿಸುವವರು ಇನ್ನೊಂದನ್ನೂ ಯೋಚಿಸಬೇಕು. ಪರೀಕ್ಷೆಗೊಳಗಾಗದ ಮದ್ದನ್ನು ಎಲ್ಲರಿಗೂ ಕೊಡುತ್ತ ಹೋಗುವುದೂ ಒಂದು ಪ್ರಯೋಗವೇ. ಅದರಲ್ಲಿ ಒಪ್ಪಿಗೆಯಿಲ್ಲ, ಲೆಕ್ಕವಿಲ್ಲ, ಕೊನೆಯೂ ಇಲ್ಲ.

ಈ ಎರಡು ಕರ್ತವ್ಯಗಳಲ್ಲಿ ಒಂದೊಂದನ್ನು ಮರೆತ ಎರಡು ದೇಶಗಳ ಕಥೆ ಇತ್ತೀಚಿನದೇ. ಭಾರತದಲ್ಲಿ 1985 ರ ಮಾದಕವಸ್ತುಗಳ ಕಾಯಿದೆಯು ಕಳ್ಳವ್ಯಾಪಾರವನ್ನು ತಡೆಯಲು ಬಂದಿತು. ಆದರೆ ಅದರ ಬಿಗಿಯಿಂದ ಮಾರ್ಫಿನ್ ಎಂಬ ಅಗ್ಗದ ಔಷಧವು ಅರ್ಬುದರೋಗದ ಕೊನೆಯ ದಿನಗಳಲ್ಲಿ ನರಳುವವರಿಗೂ ದುರ್ಲಭವಾಯಿತು. ಅಫೀಮನ್ನು ಬೆಳೆಯುವ ದೇಶದಲ್ಲಿಯೇ ಅದರ ಸತ್ತ್ವವು ನೊಂದವರಿಗೆ ಸಿಕ್ಕದಾಯಿತು. 2014 ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ಅಲ್ಲಿ ನೋವಿನ ಮಾತನ್ನು ಕೇಳಲಿಲ್ಲ. ಅಮೆರಿಕದಲ್ಲಿ ನಡೆದುದು ಇದರ ಪ್ರತಿರೂಪ. ಆಸ್ಪತ್ರೆಯ ರೋಗಿಗಳಲ್ಲಿ ಅಫೀಮು ಜಾತಿಯ ಔಷಧಗಳಿಂದ ಚಟ ಹತ್ತುವುದು ಅಪರೂಪವೆಂದು 1980 ರಲ್ಲಿ ಒಂದು ವೈದ್ಯಪತ್ರಿಕೆಯಲ್ಲಿ ಐದು ವಾಕ್ಯಗಳ ಚಿಕ್ಕ ಪತ್ರವೊಂದು ಪ್ರಕಟವಾಯಿತು. ಅದನ್ನೂ ಆಧಾರವಾಗಿ ಹಿಡಿದು, ಸೊಂಟನೋವಿಗೂ ಮಂಡಿನೋವಿಗೂ ಅವನ್ನು ವರ್ಷಗಟ್ಟಲೆ ಕೊಡಬಹುದೆಂದು ಮುಂದಿನ ಕಾಲದಲ್ಲಿ ಪ್ರಚಾರ ನಡೆಯಿತು. ಲಕ್ಷಾಂತರ ಜನರು ಚಟಕ್ಕೆ ಬಿದ್ದರು; ಅಸಂಖ್ಯಾತರು ಸತ್ತರು. ಆ ಔಷಧಗಳನ್ನು ಬೆನ್ನು, ಸೊಂಟದ ಕೀಲು, ಮಂಡಿಗಳ ದೀರ್ಘನೋವಿನ 240 ರೋಗಿಗಳಲ್ಲಿ ಒಂದು ವರ್ಷಕಾಲ ಸಾಧಾರಣ ಔಷಧಗಳೊಡನೆ ಹೋಲಿಸಿ ನೋಡಿದ ಪರೀಕ್ಷೆಯು 2018 ರಲ್ಲಿ ಪ್ರಕಟವಾಯಿತು. ಅಫೀಮು ಜಾತಿಯವು ಯಾವ ವಿಧದಲ್ಲಿಯೂ ಮೇಲೆನಿಸಲಿಲ್ಲ. ಅಲ್ಲಿ ಮದ್ದಿನ ಮಾತನ್ನು ಕಾಲದಲ್ಲಿ ಪರೀಕ್ಷಿಸಲಿಲ್ಲ.

ಹಾಗಾದರೆ ದೀರ್ಘನೋವಿಗೆ ಉಪಾಯವೇನು? ಚರಕ ಸಂಹಿತೆಯಲ್ಲಿ ರೋಗಗಳನ್ನು ವಿಂಗಡಿಸುವಾಗ, ಅಸಾಧ್ಯಗಳೊಳಗೇ ಯಾಪ್ಯವೆಂಬ ಒಂದು ವರ್ಗವನ್ನು ಹೇಳಿದೆ. ಬುಡಸಹಿತ ಕೀಳಲಾಗದಿದ್ದರೂ, ಎಡೆಬಿಡದ ಉಪಚಾರದಿಂದ ಹದದಲ್ಲಿಟ್ಟುಕೊಂಡು ಬಾಳಬಹುದಾದ ರೋಗ ಅದು. ಗುಣವಾಗಲಿಲ್ಲವೆಂದರೆ ಸೋತಂತೆ ಎಂದು ಭಾವಿಸುವ ಜನಕ್ಕೆ ಈ ಒಂದು ಶಬ್ದವು ದೊಡ್ಡ ಸಮಾಧಾನ. ದೀರ್ಘನೋವಿನ ಇಂದಿನ ಸಂಶೋಧನೆಯೂ ಇದೇ ದಾರಿಯಲ್ಲಿ ನಡೆದಿದೆ. ನೋವು ಸೊನ್ನೆಗೆ ಇಳಿಯಿತೆ ಎಂಬುದೊಂದನ್ನೇ ಅದು ಕೇಳುವುದಿಲ್ಲ. ನಡೆಯುವುದಾಯಿತೆ, ನಿದ್ದೆ ಬಂದಿತೆ, ನೀರಿನ ಕೊಡ ಎತ್ತುವುದಾಯಿತೆ ಎಂದು ಕೇಳುವುದು. ಬೆಂಗಳೂರಿನ ಹೊರವಲಯದ ಜಿಗಣಿಯ ಬಳಿಯ ವಿವೇಕಾನಂದ ಯೋಗ ಸಂಸ್ಥೆಯಲ್ಲಿ ದೀರ್ಘಕಾಲದ ಸೊಂಟನೋವಿನ 80 ಮಂದಿಯನ್ನು ಎರಡು ಗುಂಪುಮಾಡಿ, ಒಂದು ವಾರ ಅಲ್ಲಿಯೇ ಇರಿಸಿಕೊಂಡು, ಒಂದು ಗುಂಪಿಗೆ ಯೋಗವನ್ನೂ ಇನ್ನೊಂದಕ್ಕೆ ವ್ಯಾಯಾಮವನ್ನೂ ಮಾಡಿಸಿದ ಪರೀಕ್ಷೆಯು 2008 ರಲ್ಲಿ ಪ್ರಕಟವಾಯಿತು. ಯೋಗದ ಗುಂಪಿನವರ ಅಶಕ್ತತೆಯು ಹೆಚ್ಚು ತಗ್ಗಿತು. ಫಲವು ಹಿತವಾದದ್ದು, ಆದರೆ ಮದ್ದಿನ ಮಾತನ್ನು ಪರೀಕ್ಷಿಸಬೇಕೆಂಬ ನಿಯಮವು ಸ್ವದೇಶದ ಮದ್ದಿಗೂ ಸಲ್ಲಬೇಕು. ತಾನು ಮಾಡುತ್ತಿರುವುದು ಯೋಗವೆಂಬುದು ಮಾಡುವವನಿಗೆ ತಿಳಿಯದಂತೆ ಮುಚ್ಚಿಡಲಾಗದು. ಒಂದು ವಾರವು ದೀರ್ಘನೋವಿನ ಲೆಕ್ಕದಲ್ಲಿ ಅಲ್ಪಕಾಲ. ಮನೆ, ಹಸು, ಹೊಲಗಳನ್ನು ಬಿಟ್ಟು ಒಂದು ವಾರ ಹೊರಗಿರಬಲ್ಲ ಹೆಂಗಸು ಮಾಲೂರಿನ ಹಳ್ಳಿಯೊಂದರಲ್ಲಿ ಎಷ್ಟು ಮಂದಿ ಸಿಕ್ಕಿಯಾರೆಂಬುದೂ ಕೇಳತಕ್ಕ ಪ್ರಶ್ನೆಯೇ.

ಯಾಪ್ಯವಾದ ರೋಗದಲ್ಲಿ ವೈದ್ಯನಷ್ಟೇ ಮನೆಯವರೂ ಚಿಕಿತ್ಸಕರು. ಇಂಗ್ಲೆಂಡಿನಲ್ಲಿ 1967 ರಲ್ಲಿ ಸಾಯುವವರ ಶುಶ್ರೂಷೆಗೆಂದು ಒಂದು ಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು, ನೋವು ಮೈಯೊಂದರದೇ ಅಲ್ಲವೆಂದೂ, ಮನಸ್ಸು, ಸಂಸಾರ, ನಂಬಿಕೆಗಳೆಲ್ಲವೂ ಅದರಲ್ಲಿ ಕೂಡಿರುವುವೆಂದೂ ಬೋಧಿಸಿದಳು. ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ 1993 ರಲ್ಲಿ ಹುಟ್ಟಿದ ಸಂಘವೊಂದು ಊರಿನ ಸಾಮಾನ್ಯ ಜನರನ್ನೇ ಕೂಡಿಸಿಕೊಂಡು, ಮನೆಮನೆಗೆ ಹೋಗಿ ನೊಂದವರ ಬಳಿ ಕುಳಿತುಕೊಳ್ಳುವ ಪದ್ಧತಿಯನ್ನು ಬೆಳೆಸಿತು. ಹಾಗೆ ಕುಳಿತುಕೊಳ್ಳುವುದಕ್ಕೆ ವೈದ್ಯಪದವಿ ಬೇಕಾಗಿಲ್ಲ.

ಕೊನೆಗೆ ಮತ್ತೆ ಕೋಲಾರದ ನೀರಿಗೆ ಬರಬೇಕು. ಒಬ್ಬನ ಬೆನ್ನುನೋವು ಅವನ ಖಾಸಗಿ ವಿಷಯ. ಒಂದು ಊರಿನ ಬೆನ್ನುನೋವು ಸಾರ್ವಜನಿಕ ಸತ್ಯ. ಫ್ಲೋರೈಡಿನಿಂದ ಬಿಗಿದ ಬೆನ್ನನ್ನು ಮತ್ತೆ ಮೊದಲಿನಂತೆ ಮಾಡುವ ಮದ್ದು ಇಲ್ಲ. ಮುಂದಿನವರ ಬೆನ್ನನ್ನು ಉಳಿಸುವ ಮದ್ದು ಒಳ್ಳೆಯ ನೀರು. ಬೆಂಗಳೂರಿನ ಶುದ್ಧೀಕರಿಸಿದ ಬಳಕೆನೀರನ್ನು 2018 ರಿಂದ ಈ ಜಿಲ್ಲೆಯ ಕೆರೆಗಳಿಗೆ ಹರಿಸಿ ಅಂತರ್ಜಲವನ್ನು ಏರಿಸುವ ಯತ್ನ ನಡೆದಿದೆ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಮಾರ್ಕಂಡೇಯ ನದಿಗೆ ಯರಗೋಳಿನಲ್ಲಿ ಕಟ್ಟಿದ ಅಣೆಕಟ್ಟು 2023 ರಲ್ಲಿ ಉದ್ಘಾಟನೆಯಾಯಿತು. ಇವುಗಳ ಫಲವನ್ನು ಕೂಡ ಹೊಗಳಿಕೆಯಿಂದ ತೀರ್ಮಾನಿಸದೆ, ವರ್ಷ ವರ್ಷವೂ ನೀರನ್ನು ಅಳೆದು, ಜನರನ್ನು ಕೇಳಿ ತೀರ್ಮಾನಿಸಬೇಕು. ಕೇಳುವುದು ಮನೆಯಿಂದಲೇ ಮೊದಲಾಗಬಹುದು. ಸಂಜೆ ಜಗಲಿಯ ಮೇಲೆ ಕಾಲು ನೀಡಿ ಕುಳಿತ ತಾಯಿಯ ಬಳಿ ಮಗನು ಪತ್ರಿಕೆಯನ್ನು ಮಡಿಸಿಟ್ಟು ಕುಳಿತು, "ಇವತ್ತು ರೂಪಾಯಿಗೆ ಎಷ್ಟಾಣೆ ಅಮ್ಮ?" ಎಂದು ಕೇಳಿ, ಅವಳು ಹೇಳಿದ್ದನ್ನು ಕೊನೆಯವರೆಗೆ ಆಲಿಸಲಿ.